ಬ್ರಹ್ಮಪುತ್ರಾ ನದಿಯ ಸೇನಾಪತಿ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇತಿಹಾಸದ ಒಂದು ವಿಷಯವನ್ನು ಆರಿಸಿಕೊಂಡು ಮಾತನಾಡಿ ಎಂದು ಕಾರ್ಯದರ್ಶಿಯವರು ಹೇಳಿದರು. ನಮ್ಮ ಸಭೆಗಳಲ್ಲಿ ಇತಿಹಾಸವೆಂದರೆ ಸಾಮಾನ್ಯವಾಗಿ ಬಿಜಾಪುರ, ಬೀದರ್, ಶ್ರೀರಂಗಪಟ್ಟಣ. ಹೆಚ್ಚೆಂದರೆ ದೆಹಲಿ, ಆಗ್ರಾ. ಈ ಸಲ ನಿಮ್ಮನ್ನು ಸ್ವಲ್ಪ ದೂರ, ಅಸ್ಸಾಮಿನ ಗುವಾಹಟಿಗೆ ಕರೆದುಕೊಂಡು ಹೋಗುತ್ತೇನೆ.

ಗುವಾಹಟಿ ಬ್ರಹ್ಮಪುತ್ರಾ ನದಿಯ ದಡದ ಮೇಲಿರುವ ಊರು. ಅಲ್ಲಿ ಲಾಚಿತ್ ಘಾಟ್ ಎಂಬ ಒಂದು ಸ್ಥಳವಿದೆ. ನದಿಯ ಅಂಚಿನಲ್ಲಿ ನಿಂತು ನೋಡಿದರೆ ನೀರಿನಲ್ಲಿಯೇ ಒಂದು ಶಿಲ್ಪ ಸಮೂಹ ಕಾಣುತ್ತದೆ. ಕೈಯಲ್ಲಿ ಕತ್ತಿ ಹಿಡಿದ ಒಬ್ಬ ಸೇನಾಪತಿ, ಅವನ ಸುತ್ತ ಯೋಧರು. ಮಳೆಗಾಲದಲ್ಲಿ ನದಿ ಏರಿ ಬಂದಾಗ ನೀರು ಆ ಯೋಧರ ತನಕ ಬರುತ್ತದೆ. ಆ ಸೇನಾಪತಿಯ ಹೆಸರು ಲಾಚಿತ್ ಬೋರ್‌ಫುಕನ್. 1671ರಲ್ಲಿ ಔರಂಗಜೇಬನ ಸೇನೆಯನ್ನು ಇದೇ ನೀರಿನ ಮೇಲೆ ಸೋಲಿಸಿದವನು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಲಾಚಿತ್ ಹೇಗಿದ್ದನೆಂದು ತೋರಿಸುವ ಅವನ ಕಾಲದ ಚಿತ್ರ ಒಂದೂ ಉಳಿದಿಲ್ಲ. ಅವನ ಮುಖ ಅಗಲವಾಗಿ ಹುಣ್ಣಿಮೆ ಚಂದ್ರನಂತೆ ಇತ್ತು, ಯಾರೂ ಅದನ್ನು ದಿಟ್ಟಿಸಿ ನೋಡಲಾರದಾಗಿದ್ದರು ಎಂಬ ಅರ್ಥದ ಒಂದು ವರ್ಣನೆ ಹಳೆಯ ಬರಹದಲ್ಲಿದೆ, ಅಷ್ಟೇ. ಆದ್ದರಿಂದ ಇಂದು ನಾವು ನೋಡುವ ಪ್ರತಿಯೊಂದು ಲಾಚಿತ್ ಪ್ರತಿಮೆಯ ಮುಖವೂ ಶಿಲ್ಪಿಯ ಕಲ್ಪನೆ. ಮುಖ ಮಾತ್ರವಲ್ಲ, ಆ ಮುಖದ ಮೇಲೆ ಯಾವ ಭಾವವಿರಬೇಕು, ಕತ್ತಿ ಯಾರ ಕಡೆಗೆ ತಿರುಗಿರಬೇಕು ಎಂಬುದನ್ನೂ ಪ್ರತಿಮೆ ನಿಲ್ಲಿಸುವ ಕಾಲವೇ ತೀರ್ಮಾನಿಸುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಈ ಕತ್ತಿಯ ದಿಕ್ಕಿನ ಬಗ್ಗೆ.

ಪ್ರತಿಮೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳುತ್ತೇನೆ. ಲಾಚಿತ್ ಸಮಾಧಿಯಾಗಿರುವುದು ಗುವಾಹಟಿಯಲ್ಲಲ್ಲ, ಜೋರ್ಹಾಟ್ ಬಳಿಯ ಹೊಲೊಂಗಾಪಾರ್ ಎಂಬಲ್ಲಿ. ಅಲ್ಲಿ 2024ರ ಮಾರ್ಚ್ 9ರಂದು ಪ್ರಧಾನಿಯವರು ಪೀಠವೂ ಸೇರಿ 125 ಅಡಿ ಎತ್ತರದ ಲಾಚಿತ್ ಪ್ರತಿಮೆಯನ್ನು ಅನಾವರಣ ಮಾಡಿದರು. ಅದರ ಶಿಲ್ಪಿ ರಾಮ್ ಸುತಾರ್. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಅನಾವರಣಗೊಂಡ 108 ಅಡಿಯ ನಾಡಪ್ರಭು ಕೆಂಪೇಗೌಡರ ಪ್ರತಿಮೆಯನ್ನು ಮಾಡಿದವರೂ ಅವರೇ. ಹೀಗೆ ನೋಡಿದರೆ ಅಸ್ಸಾಮು ನಮಗೆ ಅಷ್ಟೇನೂ ದೂರವಲ್ಲ.

ಈಗ ಕಥೆಗೆ ಬರೋಣ. ಅಸ್ಸಾಮನ್ನು ಆಗ ಆಳುತ್ತಿದ್ದವರು ಅಹೋಮರು. ಇವರು ತಾಯ್ ಜನಾಂಗದವರು. 1228ರಲ್ಲಿ ಸುಕಾಫಾ ಎಂಬ ರಾಜಕುಮಾರ ಬೆಟ್ಟಗಳನ್ನು ದಾಟಿ ಬಂದು ರಾಜ್ಯ ಕಟ್ಟಿದ. ಆ ರಾಜ್ಯ ಸುಮಾರು 600 ವರ್ಷ ಬಾಳಿತು. ಸತ್ತವರನ್ನು ಮಣ್ಣಿನ ದಿಬ್ಬದ ಕೆಳಗೆ ಹೂಳುವುದು ಅವರ ಪದ್ಧತಿ. ಅದಕ್ಕೆ ಮೈದಾಮ್ ಎನ್ನುತ್ತಾರೆ. ಚರಾಯ್‌ದೇವ್‌ನ ಮೈದಾಮ್‌ಗಳನ್ನು 2024ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಜ್ಯದಲ್ಲಿ ನಡೆದುದನ್ನೆಲ್ಲ ಬರೆದಿಡುವ ಅಭ್ಯಾಸವೂ ಅಹೋಮರಿಗಿತ್ತು. ಆ ಬರಹಗಳಿಗೆ ಬುರಂಜಿ ಎಂದು ಹೆಸರು. ಮೊದಲು ಅಹೋಮ್ ಭಾಷೆಯಲ್ಲಿ, ಆಮೇಲೆ ಅಸ್ಸಾಮಿ ಭಾಷೆಯಲ್ಲಿ ಬರೆದರು.

1662ರಲ್ಲಿ ಬಂಗಾಳದ ಮೊಘಲ್ ಸುಬೇದಾರ ಮೀರ್ ಜುಮ್ಲಾ ದೊಡ್ಡ ಸೇನೆಯೊಂದಿಗೆ ಅಸ್ಸಾಮಿಗೆ ನುಗ್ಗಿ ರಾಜಧಾನಿ ಗಡ್‌ಗಾಂವ್ ಅನ್ನು ಹಿಡಿದ. ರಾಜ ಜಯಧ್ವಜ ಸಿಂಘ ಬೆಟ್ಟಗಳಿಗೆ ಓಡಿಹೋದ. ಆದರೆ ಮಳೆಗಾಲ ಬಂತು. ದಾರಿಗಳೆಲ್ಲ ಮುಳುಗಿ ಮೊಘಲ್ ಠಾಣೆಗಳು ಒಂದರಿಂದ ಒಂದು ಕಡಿದುಹೋದವು, ಜ್ವರ ಹರಡಿತು, ಆಹಾರ ತೀರಿತು, ರಾತ್ರಿಯಾದರೆ ಅಹೋಮರ ದಾಳಿ. ಗೆದ್ದವನೂ ಸೋತವನೂ ಇಬ್ಬರೂ ಸುಸ್ತಾದ ಮೇಲೆ 1663ರ ಜನವರಿಯಲ್ಲಿ ಘಿಲಾಝರಿಘಾಟ್ ಎಂಬಲ್ಲಿ ಒಪ್ಪಂದವಾಯಿತು. ಅಹೋಮ್ ರಾಜ 20,000 ತೊಲ ಚಿನ್ನ, 1,20,000 ತೊಲ ಬೆಳ್ಳಿ ಕೊಡಬೇಕು, ವರ್ಷ ವರ್ಷ ಆನೆಗಳನ್ನು ಕಳುಹಿಸಬೇಕು, ಗುವಾಹಟಿ ಸಹಿತ ಪಶ್ಚಿಮ ಭಾಗವನ್ನು ಬಿಟ್ಟುಕೊಡಬೇಕು. ಇದರ ಜೊತೆಗೆ ತನ್ನ ಮಗಳನ್ನೂ ಮೊಘಲ್ ಅಂತಃಪುರಕ್ಕೆ ಕಳುಹಿಸಬೇಕು. ಆ ಪುಟ್ಟ ಬಾಲಕಿಯ ಹೆಸರು ರಮಣಿ ಗಾಭರು. ಅವಳನ್ನು ಮರೆಯಬೇಡಿ, ಮುಂದೆ ಅವಳು ಮತ್ತೆ ಬರುತ್ತಾಳೆ.

ಮೀರ್ ಜುಮ್ಲಾ ಢಾಕಾಕ್ಕೆ ಹಿಂತಿರುಗುವ ದಾರಿಯಲ್ಲಿಯೇ ಕಾಯಿಲೆಯಿಂದ ತೀರಿಕೊಂಡ. ಅವನ ಸೇನೆಯ ಜೊತೆಯಲ್ಲಿ ಶಿಹಾಬುದ್ದೀನ್ ತಾಲಿಶ್ ಎಂಬ ಒಬ್ಬ ಬರಹಗಾರನಿದ್ದ. ಕಂಡದ್ದನ್ನೆಲ್ಲ ಫಾರಸಿಯಲ್ಲಿ ಬರೆದಿಟ್ಟ. ಪುಸ್ತಕದ ಹೆಸರು 'ಫತಹಿಯಾ-ಎ-ಇಬ್ರಿಯಾ'. ಉರ್ದು ಓದುವ ಮಕ್ಕಳಿಗೆ ಫತಹ್ ಎಂದರೆ ಗೆಲುವು, ಇಬ್ರತ್ ಎಂದರೆ ಕಂಡು ಕಲಿಯಬೇಕಾದ ಪಾಠ ಎಂದು ಗೊತ್ತು. ಗೆದ್ದ ಸೇನೆಯ ಬರಹಗಾರ ತನ್ನ ಪುಸ್ತಕದ ಹೆಸರಿನಲ್ಲಿಯೇ ಈ ಎರಡನ್ನೂ ಸೇರಿಸಿದ್ದಾನೆ. ಇವನನ್ನೂ ನೆನಪಿಟ್ಟುಕೊಳ್ಳಿ. ನನ್ನ ಇಂದಿನ ಮುಖ್ಯ ಸಾಕ್ಷಿ ಇವನೇ.

ಲಾಚಿತ್ ಯಾರ ಮಗ? ಅವನ ತಂದೆ ಮೊಮಾಯ್ ತಾಮುಲಿ. ಜೀತದಾಳಾಗಿದ್ದವನು ಎಂದು ಹೇಳುತ್ತಾರೆ. ಅಸ್ಸಾಮಿಯಲ್ಲಿ ತಾಮೂಲ್ ಎಂದರೆ ಅಡಿಕೆ. ನಮ್ಮ ತಾಂಬೂಲವೇ ಅದು. ಅರಮನೆಯ ಅಡಿಕೆ ತೋಟ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವನು ತನ್ನ ದುಡಿಮೆಯಿಂದ ಮೇಲೇರಿ, ರಾಜ ಪ್ರತಾಪ ಸಿಂಘನ ಕಾಲದಲ್ಲಿ ಬೋರ್‌ಬರುವಾ ಎಂಬ ಅತಿ ದೊಡ್ಡ ಹುದ್ದೆಗೆ ಬಂದ. ಆ ಹುದ್ದೆಯಲ್ಲಿ ಕುಳಿತ ಮೊದಲನೆಯವನೂ ಇವನೇ. ಸೇನೆಗೆ ಮತ್ತು ರಾಜ್ಯದ ಕೆಲಸಕ್ಕೆ ಜನರನ್ನು ಒದಗಿಸುವ ಪಾಯಿಕ್ ಪದ್ಧತಿಯನ್ನು ಊರೂರಲ್ಲಿ ಅಚ್ಚುಕಟ್ಟು ಮಾಡಿದವನೂ ಇವನೇ.

ಪಾಯಿಕ್ ಎಂದರೆ ನಮ್ಮ ಕಡೆಯ 'ಪಾಯಕ' ಪದದ ಸಂಬಂಧಿ. ದುಡಿಯಬಲ್ಲ ಪ್ರತಿಯೊಬ್ಬ ಗಂಡಸೂ ಪಾಯಿಕ್. ನಾಲ್ವರದೊಂದು ಗುಂಪು. ಸರದಿಯಂತೆ ಒಬ್ಬನು ರಾಜ್ಯದ ಕೆಲಸಕ್ಕೆ ಹೋದರೆ ಉಳಿದವರು ಅವನ ಹೊಲ ನೋಡಿಕೊಳ್ಳಬೇಕು. 20 ಪಾಯಿಕರ ಮೇಲೆ ಒಬ್ಬ ಬೋರಾ, 100 ಮಂದಿಯ ಮೇಲೆ ಸೈಕಿಯಾ, 1000 ಮಂದಿಯ ಮೇಲೆ ಹಜಾರಿಕಾ, 3000 ಮಂದಿಯ ಮೇಲೆ ರಾಜ್‌ಖೋವಾ, 6000 ಮಂದಿಯ ಮೇಲೆ ಫುಕನ್. ಹಜಾರಿಕಾ ಎಂಬುದರಲ್ಲಿ ಇರುವುದು ಫಾರಸಿಯ 'ಹಜಾರ್', ಅಂದರೆ ಸಾವಿರ. ಮೊಘಲರ ವಿರುದ್ಧ ಹೋರಾಡಿದ ಸೇನೆಯ ಒಂದು ಹುದ್ದೆಯ ಹೆಸರೇ ಮೊಘಲರ ದರ್ಬಾರಿನ ಭಾಷೆಯಿಂದ ಬಂದದ್ದು! ಭಾಷೆಗೆ ಗಡಿಯಿಲ್ಲ ಎಂದು ನಾವು ತರಗತಿಯಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಜಯಧ್ವಜನ ನಂತರ ಪಟ್ಟಕ್ಕೆ ಬಂದ ಚಕ್ರಧ್ವಜ ಸಿಂಘನಿಗೆ ಒಪ್ಪಂದದ ಅವಮಾನ ಸಹಿಸಲಾಗಲಿಲ್ಲ. 1667ರಲ್ಲಿ ಅವನು ಲಾಚಿತನನ್ನು ಬೋರ್‌ಫುಕನ್, ಅಂದರೆ ಮಹಾ ಫುಕನ್, ಎಂದು ನೇಮಿಸಿ ಹೆಂಗ್‌ದಾಂಗ್ ಎಂಬ ಚಿನ್ನದ ಹಿಡಿಯ ಕತ್ತಿ ಕೊಟ್ಟ. ಪ್ರತಿಮೆಗಳ ಕೈಯಲ್ಲಿ ಕಾಣುವುದು ಅದೇ ಕತ್ತಿ. ಅದೇ ವರ್ಷದ ನವೆಂಬರ್ ಹೊತ್ತಿಗೆ ಗುವಾಹಟಿಯೂ ಇಟಾಖುಲಿಯ ಕೋಟೆಯೂ ಅಹೋಮರ ಕೈಗೆ ಮರಳಿ ಬಂದವು.

ಸುದ್ದಿ ತಿಳಿದ ಔರಂಗಜೇಬ ಸುಮ್ಮನಿರುವವನಲ್ಲ. ಗುವಾಹಟಿಯನ್ನು ಮತ್ತೆ ಹಿಡಿಯಲು ಯಾರನ್ನು ಕಳುಹಿಸಿದ? ಇಲ್ಲಿ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಏಕೆಂದರೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಇಲ್ಲಿಯೇ ನನ್ನನ್ನು ತಡೆದು ಕೇಳಿದ್ದ, "ಅದರಲ್ಲಿ ನಮ್ಮೋರು ಯಾವ ಕಡೆ?" ಎಂದು. ಇಡೀ ತರಗತಿ ನಕ್ಕಿತು. ಆದರೆ ಅವನು ನಗುತ್ತಿರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗ ಹೀಗೆ ಕೇಳಬೇಕಾದರೆ ಅದಕ್ಕೆ ಮೊದಲು ಯಾರೋ ಅವನಿಗೆ "ನಿಮ್ಮೋರು ಆ ಕಡೆ" ಎಂದು ಹೇಳಿರಬೇಕು. ಆ ಮಾತಿಗೆ ಉತ್ತರ ಅವನ ಕೈಯಲ್ಲಿರಬೇಕು. ಅದಕ್ಕಾಗಿಯೇ ಈ ವಿಷಯವನ್ನು ಇಂದು ಆರಿಸಿಕೊಂಡೆ.

ಔರಂಗಜೇಬ ಕಳುಹಿಸಿದ್ದು ಆಂಬೇರಿನ ರಾಜಾ ರಾಮಸಿಂಹನನ್ನು. ಕಛವಾಹ ರಜಪೂತ. ಮಿರ್ಜಾ ರಾಜಾ ಜಯಸಿಂಹನ ಮಗ. ಈ ಜಯಸಿಂಹನ ಹೆಸರು ಬಿಜಾಪುರದವರಿಗೆ ಗೊತ್ತಿರಬೇಕು. 1665ರಲ್ಲಿ ಶಿವಾಜಿಯೊಂದಿಗೆ ಪುರಂದರದ ಒಪ್ಪಂದ ಮಾಡಿಕೊಂಡ ಮೇಲೆ ಇವನು ಮೊಘಲ್ ಸೇನೆಯನ್ನು ನಡೆಸಿಕೊಂಡು ಬಿಜಾಪುರದ ಮೇಲೆ ಬಂದ. ಆಗ ಶಿವಾಜಿಯೂ ಮೊಘಲರ ಕಡೆಯೇ ಇದ್ದರು. ಎದುರಿಗಿದ್ದವನು ಎರಡನೆಯ ಅಲಿ ಆದಿಲ್ ಶಾಹ. ಅವನ ಕಡೆಯವರು ಊರ ಸುತ್ತಲಿನ ಕೆರೆಗಳನ್ನು ಬರಿದು ಮಾಡಿ, ಬಾವಿಗಳನ್ನು ಕೆಡಿಸಿ, ಹೊಲಗಳನ್ನು ಹಾಳುಮಾಡಿ ಶತ್ರುವಿಗೆ ಹನಿ ನೀರೂ ಹಿಡಿ ಹುಲ್ಲೂ ಸಿಗದಂತೆ ಮಾಡಿದರು. ಕೋಟೆ ಕಾಯಲು ಸಾವಿರಾರು ಕರ್ನಾಟಕದ ಕಾಲಾಳುಗಳನ್ನು ತುಂಬಿದರು. ಜಯಸಿಂಹ ಕೋಟೆಗೆ ಕೆಲವು ಮೈಲಿ ದೂರದವರೆಗೆ ಬಂದು, 1666ರ ಆರಂಭದಲ್ಲಿ ಬರಿಗೈಯಲ್ಲಿ ಹಿಂದಿರುಗಿದ. ಮರುವರ್ಷ ಬುರ್ಹಾನ್‌ಪುರದಲ್ಲಿ ತೀರಿಕೊಂಡ.

ಈಗ ಲೆಕ್ಕ ಹಾಕಿ. ಬಿಜಾಪುರದಲ್ಲಿ ಮುಸ್ಲಿಮ್ ಸುಲ್ತಾನನ ಮೇಲೆ ಮುಸ್ಲಿಮ್ ಬಾದಶಹನ ಸೇನೆ, ಆ ಸೇನೆಗೆ ಹಿಂದೂ ಸೇನಾಪತಿ, ಅವನ ಜೊತೆ ಮರಾಠ ವೀರ, ಒಳಗೆ ಸುಲ್ತಾನನನ್ನು ಕಾಯುವವರು ಕನ್ನಡ ನಾಡಿನ ಕಾಲಾಳುಗಳು. ಯಾರು ಯಾವ ಕಡೆ? ತಂದೆ ನಮ್ಮ ಬಿಜಾಪುರದಿಂದ ಬರಿಗೈಯಲ್ಲಿ ಹೋದ, ಐದು ವರ್ಷದ ನಂತರ ಮಗ ಬ್ರಹ್ಮಪುತ್ರಾ ನದಿಯಿಂದ ಬರಿಗೈಯಲ್ಲಿ ಹೋದ. ರಾಜರು ರಾಜ್ಯಕ್ಕಾಗಿ ಹೋರಾಡುತ್ತಿದ್ದರು. ಊರಿನವರು ಊರಿಗಾಗಿ ಹೋರಾಡುತ್ತಿದ್ದರು.

ರಾಮಸಿಂಹನನ್ನೇ ಏಕೆ ಕಳುಹಿಸಿದರು ಎಂಬುದಕ್ಕೂ ಒಂದು ಹಿನ್ನೆಲೆಯಿದೆ. 1666ರಲ್ಲಿ ಶಿವಾಜಿ ಆಗ್ರಾದಿಂದ ತಪ್ಪಿಸಿಕೊಂಡರಲ್ಲ, ಆಗ ಅವರ ಹೊಣೆ ಹೊತ್ತಿದ್ದವನು ಇದೇ ರಾಮಸಿಂಹ. ಬಾದಶಹನ ಸಿಟ್ಟಿಗೆ ಗುರಿಯಾಗಿ ಸ್ಥಾನ ಕಳೆದುಕೊಂಡಿದ್ದ. ತಂದೆಯ ಮರಣದ ನಂತರ ಮತ್ತೆ ದರ್ಬಾರಿಗೆ ಬಂದವನನ್ನು ಜ್ವರ ಮತ್ತು ಮಳೆಯ ನಾಡಿಗೆ ಕಳುಹಿಸಿದ್ದು ಶಿಕ್ಷೆಯೇ ಇರಬೇಕೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಅವನ ಜೊತೆಯಲ್ಲಿ ಗುವಾಹಟಿಯ ಹಿಂದಿನ ಫೌಜದಾರ ರಶೀದ್ ಖಾನ್ ಇದ್ದ. ಸಿಖ್ಖರ ಗುರು ತೇಗ್ ಬಹಾದೂರ್ ಅವರೂ ಆ ದಿನಗಳಲ್ಲಿ ಅಸ್ಸಾಮಿಗೆ ಬಂದಿದ್ದರು, ಧುಬ್ರಿಯ ಗುರುದ್ವಾರ ಅದರ ನೆನಪು. ಅಹೋಮರ ಬರಹಗಳ ಪ್ರಕಾರ ರಾಮಸಿಂಹನ ಬಳಿ 30,000 ಕಾಲಾಳು, 18,000 ಕುದುರೆ ಸವಾರರು. ಶತ್ರುವಿನ ಸಂಖ್ಯೆಯನ್ನು ಗೆದ್ದವರು ಸ್ವಲ್ಪ ಉದಾರವಾಗಿಯೇ ಬರೆಯುತ್ತಾರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಲಾಚಿತ್ ಮೈದಾನದಲ್ಲಿ ಕಾದಾಡಲು ಬಯಸಲಿಲ್ಲ. ಬಯಲಿನಲ್ಲಿ ಮೊಘಲ್ ಕುದುರೆಗಳ ಮುಂದೆ ಯಾರೂ ನಿಲ್ಲಲಾರರು. ಗುವಾಹಟಿಯ ಸುತ್ತಲಿನ ಗುಡ್ಡಗಳ ನಡುವೆ ಮಣ್ಣಿನ ಒಡ್ಡುಗಳನ್ನು ಹಾಕಿಸಿ, ಸೇನೆ ಬರಲು ನದಿಯೊಂದನ್ನೇ ದಾರಿಯಾಗಿ ಉಳಿಸಿದ. ಎಲ್ಲೆಡೆ ಹಲವು ಕಿಲೋಮೀಟರ್ ಅಗಲ ಹರಡುವ ಬ್ರಹ್ಮಪುತ್ರಾ ನದಿ ಸರಾಯಿಘಾಟ್ ಬಳಿ ಗುಡ್ಡಗಳ ನಡುವೆ ಸಿಕ್ಕಿ ಸುಮಾರು ಒಂದು ಕಿಲೋಮೀಟರಿಗೆ ಇಕ್ಕಟ್ಟಾಗುತ್ತದೆ. ಭೂಪಟ ತೆಗೆದು ನೋಡಿ. ಯುದ್ಧದ ಅರ್ಧ ಭಾಗ ಅಲ್ಲಿಯೇ ಅರ್ಥವಾಗುತ್ತದೆ.

ಈ ಒಡ್ಡು ಹಾಕುವಾಗಿನ ಕಥೆ ಅಸ್ಸಾಮಿನ ಪ್ರತಿ ಮಗುವಿಗೂ ಗೊತ್ತು. ಒಂದು ಒಡ್ಡನ್ನು ಒಂದೇ ರಾತ್ರಿಯಲ್ಲಿ ಮುಗಿಸುವ ಹೊಣೆಯನ್ನು ಲಾಚಿತ್ ತನ್ನ ಸೋದರಮಾವನಿಗೆ ಕೊಟ್ಟಿದ್ದನಂತೆ. ಬಂದು ನೋಡಿದರೆ ಕೆಲಸ ಆಗಿಲ್ಲ, ಜನ ಸುಸ್ತಾಗಿದ್ದಾರೆ ಎಂದು ಮಾವ ನೆಪ ಹೇಳಿದ. ನಾಡಿಗಿಂತ ಮಾವ ದೊಡ್ಡವನಲ್ಲ ಎಂದು ಲಾಚಿತ್ ಅವನ ತಲೆ ಕಡಿದನಂತೆ. ಪಠ್ಯಪುಸ್ತಕಗಳು ಇದನ್ನು ಕರ್ತವ್ಯನಿಷ್ಠೆಯ ಮಾದರಿಯಾಗಿ ಹೇಳುತ್ತವೆ. ಶಿಕ್ಷಕನ ಕೆಲಸ ಮಾಡುವ ನನಗೆ ಈ ಕಥೆಯನ್ನು ಹಾಗೆಯೇ ಹೇಳಿ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅಂದು ರಾತ್ರಿ ಮಣ್ಣು ಹೊತ್ತು ಸುಸ್ತಾದ ಆ ಪಾಯಿಕರ ಮಾತನ್ನು ಯಾರೂ ಬರೆದಿಲ್ಲ. ಅವರೂ ಆ ನಾಡಿನವರೇ ತಾನೇ?

1669ರ ಆಗಸ್ಟಿನಲ್ಲಿ ಅಲಾಬೋಯ್ ಎಂಬಲ್ಲಿ ಅಹೋಮರು ಬಯಲಿಗೆ ಇಳಿದೇ ಬಿಟ್ಟರು. ರಾಜನ ಒತ್ತಾಯ, ಲಾಚಿತನಿಗೆ ಇಷ್ಟವಿರಲಿಲ್ಲ. ಒಂದೇ ದಿನದಲ್ಲಿ 10,000 ಅಹೋಮ್ ಯೋಧರು ಸತ್ತರೆಂದು ಬುರಂಜಿ ಹೇಳುತ್ತದೆ. ಈ ಸೋಲಿಗೆ ಎಲ್ಲಿಯೂ ದೊಡ್ಡ ಪ್ರತಿಮೆಯಿಲ್ಲ.

ಅಷ್ಟಾದರೂ ಗುವಾಹಟಿ ಸಿಗಲಿಲ್ಲ. ಆಗ ರಾಮಸಿಂಹ ಇನ್ನೊಂದು ಉಪಾಯ ಹೂಡಿದ. ಒಂದು ಬಾಣಕ್ಕೆ ಚೀಟಿ ಕಟ್ಟಿ ಅಹೋಮರ ಬಿಡಾರದೊಳಗೆ ಬೀಳುವಂತೆ ಬಿಟ್ಟ. ಗುವಾಹಟಿಯನ್ನು ಬಿಟ್ಟುಕೊಡಲು ಲಾಚಿತ್ ಒಂದು ಲಕ್ಷ ರೂಪಾಯಿ ತೆಗೆದುಕೊಂಡಿದ್ದಾನೆ ಎಂಬ ಅರ್ಥ ಬರುವಂತೆ ಆ ಚೀಟಿ ಲಾಚಿತನ ಹೆಸರಿಗೇ ಬರೆದಿತ್ತು. ಚೀಟಿ ರಾಜನ ಕೈ ಸೇರಿತು. ರಾಜನಿಗೆ ಸಂಶಯ ಬಂತು. ಪ್ರಧಾನಿ ಆತನ್ ಬುಢಾಗೋಹಾಯಿ ಮಾತ್ರ ತಾಳ್ಮೆಯಿಂದ, ಇದು ಶತ್ರುವಿನ ಆಟ, ಹಣ ಪಡೆದವನ ಲಕ್ಷಣ ಲಾಚಿತನಲ್ಲಿ ಇಲ್ಲ ಎಂದು ಮನವರಿಕೆ ಮಾಡಿಕೊಟ್ಟ. ನನ್ನನ್ನು ಕೇಳಿದರೆ ಸರಾಯಿಘಾಟಿನ ಯುದ್ಧ ನಿಜವಾಗಿ ಗೆದ್ದದ್ದು ಅಂದೇ. ಒಂದು ಸುಳ್ಳು ಚೀಟಿಯನ್ನು ನಂಬದೆ ಹೋದ ದಿನ. ಇಂದು ಬಾಣ ಬೇಕಾಗಿಲ್ಲ, ಜೇಬಿನಲ್ಲಿರುವ ಫೋನ್ ಸಾಕು. ಆದರೆ ಬುಢಾಗೋಹಾಯಿಯಂತಹ ಒಬ್ಬರು ಪ್ರತಿ ಮನೆಯಲ್ಲೂ ಬೇಕು.

1671ರ ಮಾರ್ಚ್ ತಿಂಗಳಲ್ಲಿ ಮೊಘಲರ ದೊಡ್ಡ ದೋಣಿಗಳು ನದಿಯಲ್ಲಿ ಮೇಲೇರಿ ಬಂದವು. ಲಾಚಿತನಿಗೆ ವಿಪರೀತ ಜ್ವರ. ಸೇನಾಪತಿ ಕಾಣದೆ ಅಹೋಮರ ದೋಣಿಗಳು ಹಿಂದೆ ಸರಿಯತೊಡಗಿದವು. ಅದನ್ನು ಕಂಡ ಲಾಚಿತ್ ತನ್ನನ್ನು ಹಾಸಿಗೆಯಿಂದ ಎತ್ತಿ ದೋಣಿಗೆ ಹಾಕುವಂತೆ ಹೇಳಿ ಏಳು ದೋಣಿಗಳೊಂದಿಗೆ ನದಿಗಿಳಿದ. ಓಡುವವರು ಓಡಲಿ, ತಾನು ಇಲ್ಲೇ ಸಾಯುತ್ತೇನೆ ಎಂಬ ಅವನ ನಿಲುವು ಕಂಡು ಉಳಿದ ದೋಣಿಗಳೂ ತಿರುಗಿದವು. ಇಟಾಖುಲಿ, ಕಾಮಾಖ್ಯ, ಅಶ್ವಕ್ಲಾಂತ ಈ ಮೂರು ಗುಡ್ಡಗಳ ನಡುವಿನ ನೀರಿನಲ್ಲಿ ಯುದ್ಧವಾಯಿತು. ಇಕ್ಕಟ್ಟಾದ ಜಾಗದಲ್ಲಿ ಮೊಘಲರ ಭಾರದ ದೋಣಿಗಳಿಗೆ ತಿರುಗಲು ಎಡೆಯಿಲ್ಲ. ಅಹೋಮರ ಚಿಕ್ಕ ದೋಣಿಗಳು ಮುಂದೆಯೂ ಹಿಂದೆಯೂ ನುಗ್ಗಿದವು. ಮೊಘಲರ ನೌಕಾ ದಳದ ಮುಖ್ಯಸ್ಥ ಮುನವ್ವರ್ ಖಾನ್ ಗುಂಡಿಗೆ ಬಲಿಯಾದ. ರಾಮಸಿಂಹ ಹಿಂದೆ ಸರಿದ. ಅಹೋಮ್ ಸೈನಿಕನೊಬ್ಬನೇ ಹುಟ್ಟು ಹಾಕಬಲ್ಲ, ಬಾಣ ಬಿಡಬಲ್ಲ, ಕಂದಕ ತೋಡಬಲ್ಲ, ತೋಪು ಹಾರಿಸಬಲ್ಲ ಎಂದು ಸೋತ ಸೇನಾಪತಿಯೇ ಮೆಚ್ಚಿಕೊಂಡನೆಂದು ಬುರಂಜಿಯಲ್ಲಿದೆ. ಸುಮಾರು ಒಂದು ವರ್ಷದ ನಂತರ, 1672ರಲ್ಲಿ, ಲಾಚಿತ್ ತೀರಿಕೊಂಡ.

ಇನ್ನು ಆ ಹುಡುಗನ ಪ್ರಶ್ನೆಗೆ ಮತ್ತೆ ಬರುತ್ತೇನೆ. ಅಸ್ಸಾಮಿನ ಮುಸ್ಲಿಮರಲ್ಲಿ ಬಾಘ್ ಹಜಾರಿಕಾ ಎಂಬ ವೀರನ ಕಥೆ ಬಹಳ ಜನಪ್ರಿಯ. ನಿಜ ಹೆಸರು ಇಸ್ಮಾಯಿಲ್ ಸಿದ್ದೀಕಿ. ಗಡ್‌ಗಾಂವ್ ಬಳಿಯ ಹಳ್ಳಿಯವನು, ಹುಲಿಯನ್ನು ಕೊಂದದ್ದರಿಂದ ಬಾಘ್ ಎಂಬ ಬಿರುದು ಬಂತು, ಲಾಚಿತನ ಸೇನೆಯಲ್ಲಿ ಸಾವಿರ ಮಂದಿಯ ನಾಯಕನಾಗಿದ್ದ, ಗುವಾಹಟಿಯನ್ನು ಮರಳಿ ಪಡೆಯುವಾಗ ಬೆಳಗಿನ ನಮಾಜಿನ ವೇಳೆಗೆ ಒಡ್ಡು ಹತ್ತಿ ಮೊಘಲರ ತೋಪುಗಳ ಬಾಯಿಗೆ ನೀರು ಸುರಿಸಿ ನಿರುಪಯುಕ್ತ ಮಾಡಿಸಿದ ಎಂದು ಹೇಳುತ್ತಾರೆ. ಈಚಿನ ವರ್ಷಗಳಲ್ಲಿ ಇವನ ಬಗ್ಗೆ ದೊಡ್ಡ ವಾದವೆದ್ದಿದೆ. ಆ ಕಾಲದ ಬುರಂಜಿಗಳಲ್ಲಿ ಇವನ ಹೆಸರಿಲ್ಲ, ಇವನು ಕಲ್ಪಿತ ವ್ಯಕ್ತಿ ಎಂದು ಒಂದು ಕಡೆಯವರು. ಜನರ ನೆನಪನ್ನು ಅಳಿಸಬೇಡಿ ಎಂದು ಇನ್ನೊಂದು ಕಡೆಯವರು.

ನಾನು ನಿಮಗೆ ಹೇಳುವುದಿಷ್ಟು. ಒಬ್ಬ ಇಸ್ಮಾಯಿಲ್ ಇದ್ದನೋ ಇಲ್ಲವೋ ಎಂಬುದರ ಮೇಲೆ ನಮ್ಮ ಮಾನವನ್ನು ಒತ್ತೆ ಇಡಬೇಕಾಗಿಲ್ಲ. ಬಾಘ್ ಹಜಾರಿಕಾನ ಕಥೆ ಕೇಳಲು ಚೆನ್ನಾಗಿದೆ, ಹೇಳಿ. ಆದರೆ ವಾದಕ್ಕೆ ನಿಂತಾಗ ಆಧಾರ ಬೇಕು. ಆಧಾರ ಇದೆ. ಅದೂ ಅಹೋಮರ ಹೊಗಳುಭಟರು ಬರೆದದ್ದಲ್ಲ, ಮೊಘಲ್ ಸೇನೆಯ ಜೊತೆ ಬಂದ ಮುಸ್ಲಿಮ್ ಬರಹಗಾರ ಬರೆದದ್ದು. ಶಿಹಾಬುದ್ದೀನ್ ತಾಲಿಶ್ ಅಸ್ಸಾಮಿನಲ್ಲಿ ಮುಸ್ಲಿಮರನ್ನು ಕಂಡ. ಹಿಂದಿನ ಯುದ್ಧಗಳಲ್ಲಿ ಸೆರೆಸಿಕ್ಕಿ ಅಲ್ಲಿಯೇ ಮದುವೆಯಾಗಿ ನೆಲೆ ನಿಂತವರ ಮಕ್ಕಳು ಮೊಮ್ಮಕ್ಕಳು. ಅವರನ್ನು ನೋಡಿ ಅವನಿಗೆ ಬೇಸರವಾಯಿತು. ಇವರ ನಡೆ ನುಡಿಯೆಲ್ಲ ಅಸ್ಸಾಮಿನವರಂತೆ, ಇಸ್ಲಾಮಿನದು ಹೆಸರು ಮಾತ್ರ ಉಳಿದಿದೆ, ಇವರ ಹೃದಯ ಬಂದ ಮುಸ್ಲಿಮರ ಕಡೆಗಲ್ಲ, ಅಸ್ಸಾಮಿನವರ ಕಡೆಗೇ ಹೆಚ್ಚು ವಾಲುತ್ತದೆ ಎಂಬ ಅರ್ಥದಲ್ಲಿ ದೂರುತ್ತಾನೆ. ಅವರ ದೀನ್ ಬಗ್ಗೆ ಅವನು ಕೊಟ್ಟ ತೀರ್ಪು ಹಾಗಿರಲಿ, ಅವಸರದ ಪ್ರವಾಸಿಯ ತೀರ್ಪು ಅದು. ಆದರೆ ಅವರ ಹೃದಯ ಯಾವ ಕಡೆಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ? ಎದುರು ಪಕ್ಷದವನ ದೂರು ಅದು. ಸರಾಯಿಘಾಟ್ ಯುದ್ಧಕ್ಕೆ ಎಂಟು ಒಂಬತ್ತು ವರ್ಷ ಮೊದಲು ಬರೆದದ್ದು.

ಆ ಜನ ಯಾರೆಂಬುದೂ ಗೊತ್ತಿದೆ. 1533ರ ಸುಮಾರಿಗೆ ತುರ್ಬಕ್ ಎಂಬ ಬಂಗಾಳದ ಸರದಾರನ ದಂಡಯಾತ್ರೆ ಸೋತಾಗ ಸೆರೆಸಿಕ್ಕವರು ಅಲ್ಲಿಯೇ ಉಳಿದು ಹಿತ್ತಾಳೆ ಕೆಲಸ ಕಲಿತರು. ಅವರ ವಂಶದವರು ಮರಿಯಾ ಎಂಬ ಹೆಸರಿನಿಂದ ಇಂದಿಗೂ ಇದ್ದಾರೆ. ಅಹೋಮ್ ದರ್ಬಾರಿನಲ್ಲಿ ಫಾರಸಿ ಪತ್ರಗಳನ್ನು ಓದಿ ಅರ್ಥ ಹೇಳಲು 'ಪಾರ್ಸಿ ಪಢಿಯಾ' ಎಂಬ ಹುದ್ದೆಯೇ ಇತ್ತು. ಅಕ್ಷರ ಕೆತ್ತುವವರು, ಕುಶಲಕರ್ಮಿಗಳು ಅವರಲ್ಲಿದ್ದರು. ಅದೇ ಶತಮಾನದಲ್ಲಿ ಅಸ್ಸಾಮಿಗೆ ಬಂದ ಸೂಫಿ ಸಂತ ಅಜಾನ್ ಫಕೀರ್ ಜನರ ಭಾಷೆಯಾದ ಅಸ್ಸಾಮಿಯಲ್ಲಿಯೇ ಜಿಕಿರ್ ಎಂಬ ಹಾಡುಗಳನ್ನು ಕಟ್ಟಿದರು. ಶಿವಸಾಗರದ ಬಳಿ ಅವರ ದರ್ಗಾ ಇದೆ. ಇಷ್ಟೆಲ್ಲ ಇರುವಾಗ ಒಬ್ಬ ವೀರನ ಹೆಸರನ್ನು ಅಳಿಸಿದರೆಂದು ಕೂಗಾಡುವುದಕ್ಕಿಂತ, ಅಳಿಸಲಾಗದ ಈ ಪುಟಗಳನ್ನು ಓದಿಕೊಂಡಿರುವುದು ಮೇಲು. ಅದಕ್ಕೆ ಫಾರಸಿ ಬರುವವರು ಬೇಕು, ಅಸ್ಸಾಮಿ ಬರುವವರು ಬೇಕು. ಪಿಯುಸಿ ಮುಗಿದ ಕೂಡಲೇ ಎಲ್ಲರೂ ಇಂಜಿನಿಯರಿಂಗ್ ಸೀಟಿನ ಹಿಂದೆ ಓಡಿದರೆ ಈ ಕೆಲಸ ಯಾರು ಮಾಡಬೇಕು? ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆಂದ ಮಗಳನ್ನು ಗದರಿಸುವ ತಂದೆತಾಯಿಯರು ಇಲ್ಲಿಯೂ ಕುಳಿತಿದ್ದಾರೆ, ಅವರು ಕ್ಷಮಿಸಬೇಕು.

ಲಾಚಿತನನ್ನು ದೇಶಕ್ಕೆ ಪರಿಚಯಿಸಿದ್ದು ಮೊದಲು ಪ್ರತಿಮೆಯಲ್ಲ, ಪುಸ್ತಕ ಎಂಬುದನ್ನೂ ಹೇಳಬೇಕು. ಸೂರ್ಯಕುಮಾರ್ ಭುಯಾನ್ ಎಂಬ ಪ್ರಾಧ್ಯಾಪಕರು ಊರೂರು ಅಲೆಸಿ ಹಳೆಯ ಬುರಂಜಿಗಳನ್ನು ಕೂಡಿಸಿ, ತಿದ್ದಿ, ಅಚ್ಚು ಹಾಕಿಸಿದರು. ಲಾಚಿತ್ ಮತ್ತು ಅವನ ಕಾಲದ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1947ರಲ್ಲಿ ಬಂತು. 1962ರಲ್ಲಿ ಬ್ರಹ್ಮಪುತ್ರಾ ನದಿಗೆ ಅಸ್ಸಾಮಿನ ಮೊದಲ ಸೇತುವೆ ಬಂದಾಗ ಅದಕ್ಕೆ ಸರಾಯಿಘಾಟ್ ಎಂದೇ ಹೆಸರಾಯಿತು. 1999ರಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಅತ್ಯುತ್ತಮ ಕೆಡೆಟ್‌ಗೆ ಲಾಚಿತ್ ಹೆಸರಿನ ಚಿನ್ನದ ಪದಕ ಕೊಡುತ್ತಾರೆ. 2022ರಲ್ಲಿ ಅವನ 400ನೆಯ ಜಯಂತಿಯನ್ನು ದೆಹಲಿಯಲ್ಲಿ ಆಚರಿಸಿದರು. ಪ್ರತಿಮೆ ಎತ್ತರವಾಗುತ್ತ ಹೋದಂತೆ ಅದರ ಸುತ್ತಲಿನ ಭಾಷಣಗಳಲ್ಲಿ ಕಥೆ ಚಿಕ್ಕದಾಗುತ್ತ ಹೋಗುವುದೂ ಉಂಟು. ರಾಮಸಿಂಹನ ಹೆಸರು ಬಿಟ್ಟುಹೋಗುತ್ತದೆ, ಉಳಿಯುವುದು ಔರಂಗಜೇಬನ ಹೆಸರು ಮಾತ್ರ.

ಬಿಟ್ಟುಹೋಗುವ ಇನ್ನೂ ಇಬ್ಬರಿದ್ದಾರೆ. ಒಬ್ಬ ಲಾಲುಕ್‌ಸೋಲಾ. ಲಾಚಿತನ ಸ್ವಂತ ಅಣ್ಣತಮ್ಮಂದಿರಲ್ಲಿ ಒಬ್ಬ. ಅವನ ನಂತರ ಬೋರ್‌ಫುಕನ್ ಆದವನು. ರಾಜನಾಗುವ ಆಸೆಯಿಂದ 1679ರಲ್ಲಿ ಗುವಾಹಟಿಯನ್ನು ಯುದ್ಧವಿಲ್ಲದೆ ಮೊಘಲರಿಗೆ ಒಪ್ಪಿಸಿಬಿಟ್ಟ. ಒಂದೇ ಮನೆ, ಒಂದೇ ತಂದೆಯ ಮಕ್ಕಳು. 1682ರಲ್ಲಿ ಇಟಾಖುಲಿಯಲ್ಲಿ ಮತ್ತೆ ಯುದ್ಧ ಮಾಡಿ ಅಹೋಮರು ಅದನ್ನು ಬಿಡಿಸಿಕೊಳ್ಳಬೇಕಾಯಿತು.

ಇನ್ನೊಬ್ಬಳು ಆ ಪುಟ್ಟ ಬಾಲಕಿ ರಮಣಿ ಗಾಭರು. ತಾಯಿಯ ಕಡೆಯಿಂದ ಅವಳು ಲಾಚಿತ್ ಮತ್ತು ಲಾಲುಕ್‌ಸೋಲಾ ಇಬ್ಬರಿಗೂ ಸೋದರ ಸೊಸೆ. ಮೊಘಲ್ ಅಂತಃಪುರದಲ್ಲಿ ರಹಮತ್ ಬಾನು ಬೇಗಂ ಆಗಿ, 1668ರಲ್ಲಿ ಔರಂಗಜೇಬನ ಮಗ ಆಜಮ್ ಶಾಹನನ್ನು ಮದುವೆಯಾದಳು. ಲಾಲುಕ್‌ಸೋಲಾ ಗುವಾಹಟಿಯನ್ನು ಒಪ್ಪಿಸಲು ಹೊರಟದ್ದು ಇದೇ ಆಜಮ್ ಶಾಹ ಬಂಗಾಳದ ಸುಬೇದಾರನಾಗಿದ್ದಾಗ. ಗುವಾಹಟಿ ಸಿಕ್ಕಿದರೆ ಗೆಲುವು ಅವಳ ಗಂಡನಿಗೆ. ಆದರೂ ಅವಳು, ಇಂತಹ ಕೆಲಸ ಮಾಡಬೇಡ ಎಂದು ಮಾವನಿಗೆ ಪತ್ರ ಬರೆದು ಎಚ್ಚರಿಸಿದಳೆಂದು ಅಸ್ಸಾಮಿನವರು ಇಂದಿಗೂ ಹೇಳುತ್ತಾರೆ. ಅವಳ ಹೃದಯ ಯಾವ ಕಡೆಗಿತ್ತು ಎಂದು ಆ ಹುಡುಗ ಕೇಳಿದರೆ ಹೇಳಲು ನನ್ನ ಬಳಿ ಈ ಕಥೆಯೂ ಇದೆ.

ಗುವಾಹಟಿಗೆ ಹೋಗಲು ಎಲ್ಲರಿಗೂ ಆಗಲಿಕ್ಕಿಲ್ಲ. ಆದರೆ ಅಸ್ಸಾಮಿನವರು ನಮ್ಮ ಕಡೆಯೇ ಇದ್ದಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಬೆಂಗಳೂರಿನ ಹೋಟೆಲುಗಳಲ್ಲಿ, ಕಟ್ಟಡಗಳ ಕಾವಲಿನಲ್ಲಿ ಬೋರಾ, ಸೈಕಿಯಾ, ಹಜಾರಿಕಾ ಎಂಬ ಹೆಸರುಗಳು ಸಿಗುತ್ತವೆ. ಅವರಲ್ಲಿ ಹಿಂದೂಗಳೂ ಇದ್ದಾರೆ, ನಮ್ಮವರೂ ಇದ್ದಾರೆ. ಅವರೊಡನೆ ಮಾತನಾಡುವ ಸಂದರ್ಭ ಬಂದರೆ ಸುಮ್ಮನೆ ಲಾಚಿತ್ ಎಂದು ಒಂದು ಹೆಸರು ಹೇಳಿ ನೋಡಿ. ಆಮೇಲೆ ಅವರೇ ಮಾತನಾಡುತ್ತಾರೆ, ನೀವು ಕೇಳುತ್ತ ಕುಳಿತರೆ ಸಾಕು.